ಕನ್ನಡಕ ಮಾಡಿಕೊಡದ ಚಶ್ಮಾ ಸಾಹೇಬರು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಗಾಜು ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಸಲ ಬೆರಳೊತ್ತಿದರೂ ಅದು ಅವರನ್ನು ಗುರುತಿಸುತ್ತಿರಲಿಲ್ಲವಂತೆ. ಕೊನೆಗೆ ಕಣ್ಣು ನೋಡುವ ಇನ್ನೊಂದು ಯಂತ್ರ ತಂದು, ಇವರು ಇವರೇ ಹೌದು ಎಂದು ಒಪ್ಪಿಕೊಂಡು ಅಕ್ಕಿ ಕೊಟ್ಟರಂತೆ. ಆ ಕತೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ನೋಡಿ ಅಮ್ಮ, ಸರ್ಕಾರಕ್ಕೂ ಗೊತ್ತಾಗೋಯ್ತು. ಕೈ ಸುಳ್ಳು ಹೇಳ್ಬೋದು, ಕಣ್ಣು ಹೇಳಲ್ಲ" ಎಂದು ಹೆಬ್ಬೆರಳನ್ನು ಮೂಗಿನ ಹತ್ತಿರ ಹಿಡಿದು ತೋರಿಸುತ್ತಿದ್ದರು.

ಮುಂದೊಂದು ದಿನ ಅದೇ ಬಾಯಲ್ಲಿ ಇದಕ್ಕೆ ಪೂರಾ ಉಲ್ಟಾ ಹೇಳಿದರು. ಎರಡರಲ್ಲಿ ಯಾವುದು ಸರಿ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅವರ ಅಂಗಡಿ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಒಂದು ಪಕ್ಕದಲ್ಲಿ ಬುರ್ಖಾ ಬಟ್ಟೆಯ ಅಂಗಡಿ, ಇನ್ನೊಂದು ಪಕ್ಕದಲ್ಲಿ ಮಿಕ್ಸಿ ರಿಪೇರಿ. ಒಳಗೆ ಮೂರು ಜನ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಗೋಡೆಯ ಮೇಲೆ ಅಕ್ಷರಗಳ ನಾಲ್ಕು ಹಲಗೆಗಳಿದ್ದವು: ಇಂಗ್ಲಿಷ್, ಕನ್ನಡ, ತಮಿಳು, ಉರ್ದು. ಓದು ಬಾರದವರಿಗೆ ದಿಕ್ಕು ದಿಕ್ಕಿಗೆ ಕಾಲು ಚಾಚಿದ ಗುರುತುಗಳ ಐದನೆಯ ಹಲಗೆ. ಬಂದವರ ಮುಖ ನೋಡಿಯೇ ಯಾವ ಹಲಗೆ ಎಂದು ತೀರ್ಮಾನಿಸುತ್ತಿದ್ದರು, ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ. ಗಾಜಿನ ಪುಡಿ ಬಟ್ಟೆಗೆ ಹತ್ತಬಾರದೆಂದು ಬಿಳಿ ಕೋಟು ಹಾಕುತ್ತಿದ್ದರು. ಆ ಕೋಟಿನ ದೆಸೆಯಿಂದ ಇಡೀ ಗಲ್ಲಿಗೆ ಅವರು ಡಾಕ್ಟರಾಗಿಬಿಟ್ಟಿದ್ದರು.

ನಾನೂ ಇಪ್ಪತ್ತೆರಡು ವರ್ಷ ಅವರನ್ನು ಡಾಕ್ಟ್ರೇ ಎಂದೇ ಕರೆದೆ. ಪ್ರತಿ ಸಲವೂ ಅವರು ಕೈ ಅಡ್ಡ ಆಡಿಸುತ್ತಿದ್ದರು. "ಡಾಕ್ಟರ್ ನಕ್ಕೋ ಅಮ್ಮ. ನಾನು ದರ್ಜಿ. ಅಳತೆ ತಗೊಂಡು ಹೊಲಿಯೋನು." ವಿನಯ ಎಂದುಕೊಂಡೆ. ದೊಡ್ಡವರು ಹಾಗೆ ಹೇಳುವುದೇ ವಾಡಿಕೆಯಲ್ಲವೇ ಎಂದುಕೊಂಡು ಮುಂದಿನ ಸಲವೂ ಡಾಕ್ಟ್ರೇ ಎಂದೆ.

ನನ್ನ ಕೆಲಸ ಹಲಸೂರಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಲಗ್ನಪತ್ರಿಕೆ, ಶಾಲೆಯ ಗೈಡು, ಸಂಘಗಳ ವಾರ್ಷಿಕ ವರದಿ, ಯಾರದೋ ಆತ್ಮಕತೆ, ಏನು ಬಂದರೂ ಸರಿ. ಮೂವತ್ತು ವರ್ಷದಿಂದ ತಪ್ಪು ಹುಡುಕುವುದೇ ಹೊಟ್ಟೆಪಾಡಾದ್ದರಿಂದ ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಜಂಬ. ದಪ್ಪ ಕನ್ನಡಕದ ಹಿಂದಿನ ಜಂಬ. ಜೊತೆಗೆ ಮೂಗಿನ ತುದಿಯಲ್ಲಿ ಕೋಪ, ಅದರ ಮೇಲೆಯೇ ಕನ್ನಡಕ ಕೂರುತ್ತಿತ್ತು ಎಂದು ನನ್ನ ತಂಗಿ ಆಡಿಕೊಳ್ಳುವುದುಂಟು.

ಸಾಹೇಬರ ಒಂದು ಕ್ರಮವಿತ್ತು. ಬಂದ ಕೂಡಲೇ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. "ಬೈಠೋ, ಮೊದ್ಲು ಚಾಯ್" ಎಂದು ಸ್ಟೂಲಿನ ಮೇಲೆ ಕೂರಿಸಿ, ಗಲ್ಲಿಯ ತುದಿಯಿಂದ ಚಹಾ ತರಿಸಿ, ಲೋಟವನ್ನು ತಾವೇ ಎತ್ತಿ ಕಟ್ಟೆಯ ಮೇಲೆ ಒಂದೊಂದು ಸಲ ಒಂದೊಂದು ಕಡೆ ಇಡುತ್ತಿದ್ದರು. ಆಮೇಲೆ ಬೇರೆ ಏನೋ ಮಾತಾಡುತ್ತ ಸುಮ್ಮನೆ ನೋಡುತ್ತಿದ್ದರು. ಅದನ್ನು ನಾನು ಉಪಚಾರವೆಂದೇ ತಿಳಿದಿದ್ದೆ.

ನಾಲ್ಕು ವರ್ಷದ ಹಿಂದೆ, ಒಂದೇ ವರ್ಷದಲ್ಲಿ ಮೂರು ಸಲ ಅವರ ಅಂಗಡಿಗೆ ಹೋದೆ. ಹೊಸ ಕನ್ನಡಕ ಸರಿ ಬಂದಿಲ್ಲ ಎಂದು ದೂರು. ಏನು ಸರಿಯಿಲ್ಲ ಎಂದರೆ ಹೇಳಲು ಬಾರದು. ಅಕ್ಷರ ಸ್ವಚ್ಛವಾಗಿ ಕಾಣುತ್ತಿತ್ತು. ಆದರೂ ಪ್ರೆಸ್ಸಿನ ಬಾಗಿಲಿಗೆ ಎಡಭುಜ ತಗಲಿಸಿಕೊಳ್ಳುತ್ತಿದ್ದೆ. ಒಮ್ಮೆ ಶಾಯಿಯ ಡಬ್ಬ ಉರುಳಿಸಿದೆ. ಕಾಮರಾಜ್ ರಸ್ತೆ ದಾಟುವಾಗ ಒಂದು ಸ್ಕೂಟರು ಆಕಾಶದಿಂದ ಉದುರಿದ ಹಾಗೆ ಪಕ್ಕದಲ್ಲಿ ಬಂದು ನಿಂತು ಸವಾರ ನನ್ನ ವಂಶವನ್ನೆಲ್ಲ ಬೈದ. ತಪ್ಪೆಲ್ಲ ಕನ್ನಡಕದ್ದು ಎಂದು ನನ್ನ ತೀರ್ಪು.

ಮೊದಲೆರಡು ಸಲ ಸಾಹೇಬರು ಫ್ರೇಮು ಬಗ್ಗಿಸಿ, ಗಾಜು ತಿರುಗಿಸಿ ನೋಡಿ, ಎಲ್ಲ ಸರಿಯಾಗಿದೆ ಅಮ್ಮ ಎಂದು ಕಳಿಸಿದ್ದರು. ಮೂರನೆಯ ಸಲ ಎಂದಿನಂತೆ ಸ್ಟೂಲಿನ ಮೇಲೆ ಕೂರಿಸಿದರು. ಅದೂ ಇದೂ ಮಾತಾಡಿದರು. ಬಹಳ ಹೊತ್ತಾದರೂ ಚಹಾ ಬರಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು. ಪದೇ ಪದೇ ಬರುವವಳಿಗೆ ಇನ್ನೆಷ್ಟು ಚಹಾ ಕೊಟ್ಟಾರು ಎಂದುಕೊಂಡೆ.

"ಚಾಯ್ ಆರ್ತಾ ಇದೆ ಅಮ್ಮ" ಎಂದರು ಅವರು, ಮೆಲ್ಲಗೆ.

"ಎಲ್ಲಿ?"

ಅವರು ನನ್ನ ಗಲ್ಲವನ್ನು ಒಂದು ಬೆರಳಿನಿಂದ ಎಡಕ್ಕೆ ತಿರುಗಿಸಿದರು. ಲೋಟ ನನ್ನ ಮೊಣಕೈ ಪಕ್ಕದಲ್ಲಿಯೇ ಇತ್ತು. ಕೆನೆ ಕಟ್ಟಿತ್ತು.

ಆಮೇಲೆ ಹಲಗೆ ಓದಿಸಿದರು. ಕನ್ನಡದ್ದು ಬಾಯಿಪಾಠ ಬಂದಿರುತ್ತೆ ಎಂದು ಇಂಗ್ಲಿಷಿನದನ್ನು ಕೊಟ್ಟರು. ಎರಡು ಕಣ್ಣಿನಲ್ಲೂ ಕೊನೆಯ ಸಾಲಿನವರೆಗೆ ತಡವರಿಸದೆ ಓದಿದೆ. "ನೋಡಿದ್ರಾ, ಕಣ್ಣಿಗೇನೂ ಆಗಿಲ್ಲ. ಗಾಜು ಬದಲಾಯಿಸಿ" ಎಂದೆ, ಗೆದ್ದವಳ ಹಾಗೆ. ಅವರು ನನ್ನ ಕನ್ನಡಕವನ್ನು ಒರೆಸಿ, ಮಡಿಸಿ, ನನ್ನ ಕೈಗೇ ವಾಪಸು ಇಟ್ಟರು.

"ಮಾಡಿಕೊಡಲ್ಲ."

"ಅಂದ್ರೆ?"

"ಇದು ಚಶ್ಮಾ ಕಾಯಿಲೆ ಅಲ್ಲ ಅಮ್ಮ. ನಾನು ಎಷ್ಟು ಮಾಡ್ಕೊಟ್ರೂ ನೀವು ಹಾಕ್ಕೊಂಡು ಓಡಾಡ್ತೀರಾ, ಒಳಗೆ ಅದು ತಿಂತಾ ಇರುತ್ತೆ. ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ನಾಳೇನೇ ಹೋಗಿ."

"ನೀವೇ ಡಾಕ್ಟ್ರಲ್ವಾ?"

"ಇಪ್ಪತ್ತು ವರ್ಷದಿಂದ ಅಲ್ಲ ಅಲ್ಲ ಅಂತಾ ಇದೀನಿ, ನೀವು ಕೇಳಿದ್ದೀರಾ?"

ನನಗೆ ಕೋಪ ನೆತ್ತಿಗೇರಿತು. ಕೊನೆಯ ಸಾಲು ಓದುವ ಕಣ್ಣಿಗೆ ರೋಗವೆನ್ನುತ್ತಾರಲ್ಲ! ಇಷ್ಟು ವರ್ಷ ನಂಬಿದ ಡಾಕ್ಟರು ಡಾಕ್ಟರೇ ಅಲ್ಲವಾದರೆ, ರೋಗವಿದೆ ಎನ್ನುವುದನ್ನಾದರೂ ಏಕೆ ನಂಬಬೇಕು? "ಕಣ್ಣು ಸುಳ್ಳು ಹೇಳಲ್ಲ ಅಂತ ನೀವೇ ಅಂದಿದ್ರಿ" ಎಂದು ಜಗಳಕ್ಕೆ ನಿಂತೆ.

"ಕಣ್ಣಿನಷ್ಟು ಸುಳ್ಳುಬುರುಕ ಇನ್ನೊಂದಿಲ್ಲ" ಎಂದರು ಸಾಹೇಬರು. "ಕಾಣದೇ ಇರೋ ಜಾಗಾನ ಕಪ್ಪಗೆ ತೋರಿಸ್ತಿದ್ರೆ ಎಲ್ಲಾರೂ ಓಡಿ ಬರೋರು. ಅದು ಗೋಡೆಗೆ ಸುಣ್ಣ ಬಳಿದಂಗೆ ಬಳಿದು ಮುಚ್ಚಿಬಿಡುತ್ತೆ. ಅಲ್ಲಿ ಏನೂ ಇಲ್ಲ, ಎಲ್ಲಾ ಸರಿಯಾಗಿದೆ ಅನ್ನುತ್ತೆ."

ಆಮೇಲೆ ಒಂದು ಲೆನ್ಸಿನ ಕವರನ್ನು ಬಿಡಿಸಿ ಅದರ ಹಿಂದೆ ಮೂರು ಚಿತ್ರ ಬರೆದರು. ಕನ್ನಡ ಓದಲು ಬರುತ್ತಿತ್ತು, ಬರೆಯಲು ಸಂಕೋಚ, ಅದೂ ಕರಡು ತಿದ್ದುವವಳ ಮುಂದೆ. ಮೊದಲನೆಯದು ಒಂದು ಚೆಂಡು, ಅದನ್ನು ಒತ್ತುವ ಬೆರಳು. ಎರಡನೆಯದು ಚೆಂಡಿನ ಹಿಂದೆ ಇಳಿಬಿದ್ದ ದಾರ. ಮೂರನೆಯದು ಎರಡೂ ಕಡೆ ಬಾಗಿಲು ತೆರೆದ ಮನೆ. "ಕಣ್ಣಿನ ಪ್ರೆಶರ್ ನೋಡಿದ್ರಾ, ಹಿಂದಿನ ನರ ನೋಡಿದ್ರಾ, ಪಕ್ಕದ ನೋಟ ನೋಡಿದ್ರಾ. ಈ ಮೂರೂ ಕೇಳಿ. ಮೂರೂ ನೋಡದೇ ಇರೋ ಜಾಗದಿಂದ ಎದ್ದು ಬನ್ನಿ. ಮೂರೂ ಆಗದೆ ಇಲ್ಲಿಗೆ ಬಂದ್ರೆ ಚಾಯ್ ಇಲ್ಲ."

ಆ ಕವರನ್ನು ಚೀಲಕ್ಕೆ ತುರುಕಿ, ಬರ್ತೀನಿ ಎಂದೂ ಹೇಳದೆ ಎದ್ದು ಬಂದೆ. ಮಾರನೆಯ ದಿನವೇನೂ ಹೋಗಲಿಲ್ಲ. ಕೋಪ ಆರಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಆತ್ಮಕತೆಯೊಂದರ ಕರಡಿನಲ್ಲಿ ಪುಟಪುಟದಲ್ಲೂ ಎಡ ಅಂಚಿನ ತಪ್ಪುಗಳನ್ನು ಬಿಟ್ಟಿದ್ದೇನೆಂದು ಮಾಲೀಕರು ತೋರಿಸಿದರು. ಬೈಯಲಿಲ್ಲ. "ವಯಸ್ಸಾಯ್ತು ಬಿಡಿ ಅಮ್ಮ, ಹೊಸಬ್ರನ್ನ ಯಾರನ್ನಾದ್ರೂ ನೋಡೋಣ" ಎಂದರು. ಬೈದಿದ್ದರೆ ವಾಸಿಯಿತ್ತು. ಐವತ್ತೊಂದಕ್ಕೆ ಕೆಲಸ ಹೋದರೆ ನನಗೆ ಬೇರೆ ಏನೂ ಬಾರದು. ಅಂದು ಮೊದಲ ಸಲ ಹೆದರಿಕೆಯಾಯಿತು.

ಕಣ್ಣಿನ ಡಾಕ್ಟರನ್ನು ಹುಡುಕುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮೊದಲು ಮೆಟ್ರೊ ಹತ್ತಿ ಇಂದಿರಾನಗರಕ್ಕೆ ಹೋದೆ. ನೂರಡಿ ರಸ್ತೆಯಲ್ಲಿ ಆಳೆತ್ತರದ ಕಣ್ಣಿನ ಚಿತ್ರವಿದ್ದ ಕಟ್ಟಡ. ಇಲ್ಲಲ್ಲದೆ ಇನ್ನೆಲ್ಲಿರುತ್ತಾರೆ ಕಣ್ಣಿನ ಡಾಕ್ಟರು ಎಂದು ಒಳನುಗ್ಗಿದೆ. ಎಸಿ, ಕಾಫಿ ವಾಸನೆ, ಗೋಡೆ ತುಂಬ ಫ್ರೇಮುಗಳು. ಬಿಳಿ ಕೋಟಿನ ಚುರುಕಾದ ಹೆಣ್ಣುಮಗಳೊಬ್ಬಳು ಯಂತ್ರದ ಮುಂದೆ ಗಲ್ಲ ಇಡಿಸಿದಳು. ದೂರದಲ್ಲೊಂದು ಬಣ್ಣದ ಬಲೂನು ಕಂಡಿತು. ನಂಬರು ಬದಲಾಗಿಲ್ಲ ಎಂದಳು. ನಾನು ಲೆನ್ಸಿನ ಕವರು ತೋರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅರ್ಥವಾದ ಮೇಲೆ ಗಂಭೀರಳಾದಳು.

"ಮೇಡಂ, ಇದು ನಮ್ಮಲ್ಲಿ ಆಗಲ್ಲ. ನಾನು ಆಪ್ಟೋಮೆಟ್ರಿಸ್ಟ್, ನಂಬರ್ ಚೆಕ್ ಮಾಡ್ತೀನಿ. ನೀವು ಆಫ್ತಾಲ್ಮಾಲಜಿಸ್ಟ್ ಹತ್ರ ಹೋಗ್ಬೇಕು."

"ನೀವೂ ಡಾಕ್ಟ್ರಲ್ವಾ?"

"ಅಲ್ಲ ಮೇಡಂ."

ಎರಡು ಹೆಸರೂ ನನಗೆ ಒಂದೇ ಥರ ಕೇಳಿದವು. ಹೇಗೆ ಬೇರೆ ಎಂದು ಕೇಳಲು ನಾಚಿಕೆಯಾಗಿ, ತಿಳಿದವಳಂತೆ ತಲೆಯಾಡಿಸಿ ಎದ್ದು ಬಂದೆ. ಬಿಳಿ ಕೋಟು ಹಾಕಿಕೊಂಡವರೆಲ್ಲ ಡಾಕ್ಟರಲ್ಲವೆಂದರೆ ಈ ಊರಿನಲ್ಲಿ ಡಾಕ್ಟರು ಯಾರು?

ಮುಂದಿನ ಭಾನುವಾರ ಕಗ್ಗದಾಸಪುರದ ನನ್ನ ತಂಗಿ ತನ್ನ ಮನೆ ಹತ್ತಿರದ ಇನ್ನೊಂದು ಜಾಗಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಮೇಜಿನ ಹಿಂದೆ ಕುಳಿತಿದ್ದಾಕೆ ನಾನು ಬಾಯಿ ತೆರೆಯುವ ಮೊದಲೇ, ಲೇಸರಿನಲ್ಲಿ ಕನ್ನಡಕವನ್ನೇ ತೆಗೆದುಬಿಡುತ್ತೇವೆ, ಹತ್ತು ನಿಮಿಷದ ಕೆಲಸ ಎಂದಳು. ನಿಜ ಹೇಳಬೇಕೆಂದರೆ ಆಸೆಯಾಯಿತು. ಆದರೆ ಚೆಂಡು, ದಾರ, ಮನೆ ತೋರಿಸಿದರೆ ಆಕೆ ಅದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದಳು. ಡಾಕ್ಟರು ಶನಿವಾರ ಬರುತ್ತಾರಂತೆ. ಅವರು ಪೊರೆಯ ಆಪರೇಷನ್ನಿನವರಂತೆ. ನರ ನೋಡುವವರು ಬೇರೆಯಂತೆ. ಕಣ್ಣು ಇಷ್ಟೇ ಇಷ್ಟು, ಅದರೊಳಗೆ ಮುಂದಿನದಕ್ಕೊಬ್ಬರು, ಹಿಂದಿನದಕ್ಕೊಬ್ಬರು, ರೆಪ್ಪೆಗೊಬ್ಬರು! ನಮ್ಮ ಪ್ರೆಸ್ಸಿನಲ್ಲಿ ಒಬ್ಬಳೇ ಮುಖಪುಟದಿಂದ ಬೆನ್ನುಪುಟದವರೆಗೆ ನೋಡುತ್ತೇನೆ ಎಂದು ಗೊಣಗಿದೆ.

ಹೊರಗೆ ಬಂದು ತಂಗಿ ಮೊಬೈಲಿನಲ್ಲಿ ಹುಡುಕಿದಳು. "ಅಕ್ಕಾ, ಇಲ್ಲೊಂದು ಕಣ್ಣಿನ ಆಸ್ಪತ್ರೆ ಇದೆ, ಮೂರೂ ಮಾಡ್ತಾರೆ ಅಂತ ಹಾಕಿದಾರೆ. ನಿನ್ನ ಪ್ರೆಸ್ಸಿಂದ ಬಸ್ ಸ್ಟಾಪಿಗೆ ಹೋಗೋ ದಾರೀಲೇ ಇದ್ಯಲ್ಲೇ!"

ಇರಲು ಸಾಧ್ಯವೇ ಇಲ್ಲ ಎಂದೆ. ದಿನಾ ನಡೆಯುವ ದಾರಿ. ಹೋಗಿ ನೋಡಿದರೆ ಇತ್ತು, ಎರಡು ಅಂತಸ್ತು, ಹಸಿರು ಬೋರ್ಡು, ಹೊಸದಾಗಿ ಬಂದು ವರ್ಷವಾಗಿತ್ತಂತೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. ಅದು ರಸ್ತೆಯ ಎಡಬದಿಗಿತ್ತು.

ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಂಗಸು, ದನಿ ಮೆದು. ಅವರ ಹತ್ತಿರ ಹೋಗುವ ಮುಂಚೆಯೇ ಅರ್ಧ ದಿನ ಕಳೆಯಿತು. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿ, ನೀಲಿ ದೀಪವನ್ನು ಕಣ್ಣಿಗೆ ಮುಟ್ಟುವ ಹಾಗೆ ತಂದು ಒತ್ತಡ ಅಳೆದರು. ಅದೇ ಚೆಂಡು. ಬೇರೆ ಹನಿ ಹಾಕಿ ಪಾಪೆ ಅಗಲಿಸಿ ಕಣ್ಣಿನ ಹಿಂಭಾಗದ ಫೋಟೊ ತೆಗೆದರು. ಅದೇ ದಾರ. ಆ ಹನಿಯಿಂದ ಹತ್ತಿರದ್ದೆಲ್ಲ ಕಲಸಿಹೋಗಿ, ಕೈಯಲ್ಲಿದ್ದ ಚೀಟಿಯ ಅಕ್ಷರವೂ ಕಾಣದೆ, ಇನ್ನು ಇಷ್ಟೇ ನನ್ನ ಕತೆ ಎಂದು ಬೆಂಚಿನ ಮೇಲೆ ಕಣ್ಣೀರು ಹಾಕಿದೆ. ಪಕ್ಕದಲ್ಲಿದ್ದವರು ಸಂಜೆಗೆ ಸರಿಹೋಗುತ್ತೆ ರೀ ಎಂದು ಸಮಾಧಾನ ಮಾಡಿದರು.

ಪಕ್ಕದ ನೋಟದ ಪರೀಕ್ಷೆಗೆ ಇನ್ನೊಂದು ದಿನ ಕರೆದರು. ದೊಡ್ಡ ಬಟ್ಟಲಿನೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಇಷ್ಟೇ ತಾನೇ ಎಂದು ಕುಳಿತೆ. ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಮೂಲೆಯಲ್ಲಿ ಅಡಗಿದ್ದನ್ನು ಬೆನ್ನಟ್ಟಿ ಹಿಡಿಯುವುದೇ ನನ್ನ ಕಸುಬು. ಎಡತುದಿಯಿಂದ ಬಲತುದಿಗೆ, ಸಾಲಿನಿಂದ ಸಾಲಿಗೆ, ಕರಡು ಓದುವ ಹಾಗೆ ಆ ಬಟ್ಟಲನ್ನೆಲ್ಲ ಓದಿದೆ. ಟಪಟಪನೆ ಗುಂಡಿ ಒತ್ತಿದೆ.

"ಅಮ್ಮಾ, ಕಣ್ಣು ಓಡಿಸ್ಬೇಡಿ. ಮೆಷಿನ್ ಹಿಡಿದುಬಿಡ್ತು" ಎಂದರು ಪರೀಕ್ಷೆ ಮಾಡುತ್ತಿದ್ದವರು. ಎರಡನೆಯ ಸಲವೂ ಓಡಿಸಿದೆ.

"ಇದು ಪಾಸಾಗೋ ಪರೀಕ್ಷೆ ಅಲ್ಲಮ್ಮ. ಕಾಣದೇ ಇದ್ರೆ ಒತ್ತಬೇಡಿ. ಅದನ್ನೇ ನಾವು ನೋಡ್ಬೇಕಾಗಿರೋದು."

ಮೂರನೆಯ ಸಲ ಹುಡುಕುವುದನ್ನು ಬಿಟ್ಟೆ. ನಡುವಿನ ಚುಕ್ಕೆಯನ್ನೇ ನೋಡಿದೆ. ಯಂತ್ರ ಕಟಕಟ ಎನ್ನುತ್ತಿತ್ತು, ಎಲ್ಲೋ ಬೆಳಕು ಹತ್ತಿ ಆರುತ್ತಿರಬೇಕು, ನನಗೆ ಏನೂ ಕಾಣಲಿಲ್ಲ. ಎಷ್ಟೋ ಹೊತ್ತು ಗುಂಡಿ ಒತ್ತುವುದಕ್ಕೇ ಇರಲಿಲ್ಲ. ಆಗಲೇ ನನಗೆ ಸಾಹೇಬರು ಹೇಳಿದ ಸುಣ್ಣ ಎಂದರೇನೆಂದು ಅರ್ಥವಾದದ್ದು.

ಡಾಕ್ಟರು ಕಾಗದವನ್ನು ಮುಂದಿಟ್ಟರು. ಎಡಗಣ್ಣಿನ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು, ಬಲಗಣ್ಣಿನದರಲ್ಲೂ ಎಡ ಮೂಲೆಯಲ್ಲಿ ಬೂದಿ ಬಣ್ಣ. ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ನರವನ್ನು ನಿಧಾನವಾಗಿ ಕೊಲ್ಲುತ್ತದೆ, ನೋವಿಲ್ಲ, ಕೆಂಪಾಗುವುದಿಲ್ಲ, ಅಂಚಿನಿಂದ ತಿನ್ನುತ್ತ ಬಂದು ನಡುವನ್ನು ಕೊನೆಗೆ ಮುಟ್ಟುತ್ತದೆ, ಅದಕ್ಕೇ ಅಕ್ಷರ ಓದಲು ಬರುತ್ತದೆ ಎಂದು ಬಿಡಿಸಿ ಹೇಳಿದರು. "ಹೋಗಿರೋದು ವಾಪಸ್ ಬರಲ್ಲ ಅಮ್ಮ. ಇರೋದನ್ನ ಉಳಿಸ್ಕೊಳ್ಳೋಣ. ಬಲಗಣ್ಣು ಇನ್ನೂ ನಮ್ಮ ಕೈಲಿದೆ. ದಿನಾ ಒಂದು ಹನಿ, ಒಂದು ದಿನಾನೂ ತಪ್ಪಬಾರದು." ರಕ್ತಸಂಬಂಧದವರೂ ತೋರಿಸಿಕೊಳ್ಳಬೇಕೆಂದು ತಂಗಿಯನ್ನೂ ಅಲ್ಲೇ ಕೂರಿಸಿ ಪರೀಕ್ಷಿಸಿದರು. ಅವಳದು ಸರಿಯಾಗಿತ್ತು, ದೇವರು ದೊಡ್ಡವನು.

ನಾನು ಕೊನೆಗೆ ಲೆನ್ಸಿನ ಕವರು ತೋರಿಸಿ, ಈ ಮೂರೂ ಆಯಿತೇ ಎಂದು ಕೇಳಿದೆ. ಅವರು ನೋಡಿ ನಕ್ಕರು.

"ಆಯ್ತು. ಯಾರು ಬರ್ಕೊಟ್ಟಿದ್ದು ಇದನ್ನ?"

"ನಮ್ಮ ಚಶ್ಮಾ ಡಾಕ್ಟ್ರು."

"ಒಳ್ಳೇ ಡಾಕ್ಟ್ರು."

"ಅವರು ಡಾಕ್ಟ್ರಲ್ಲ" ಎಂದುಬಿಟ್ಟೆ. ಆಡಿದ ಮೇಲೆ ನನ್ನ ತಲೆಯೇ ಕೆಟ್ಟುಹೋಯಿತು. ಇಪ್ಪತ್ತೆರಡು ವರ್ಷ ಅವರು ಹೇಳಿದ ಮಾತನ್ನು ನಾನು ಹೇಳಿದ್ದೆ, ಅದೂ ನನಗೆ ಸುಳ್ಳೆನ್ನಿಸಿದ ಹೊತ್ತಿನಲ್ಲಿ.

ನೇರ ಶಿವಾಜಿನಗರಕ್ಕೆ ಹೋದೆ. ಸಾಹೇಬರು ಕಪ್ಪು ಬಿಳಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಮಡಿಸಿ ಕೊಟ್ಟರು. ಹದಿನೈದು ದಿನ ಕೋಪದಲ್ಲಿ ಕಳೆದೆ ಎಂದು ಒಪ್ಪಿಕೊಂಡೆ. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಕಟ್ಟೆಯ ಕೆಳಗಿನ ಡ್ರಾ ಎಳೆದರು. ಹಳೆಯ ಕಪ್ಪು ಫ್ರೇಮಿನ ಏಳು ಕನ್ನಡಕಗಳು ಸಾಲಾಗಿ ಇದ್ದವು. ಎಷ್ಟೋ ಸಲ ನೋಡಿ, ಮಾರಾಟವಾಗದ ಮಾಲೆಂದುಕೊಂಡಿದ್ದೆ.

"ನಮ್ಮ ಅಬ್ಬಾದು. ಕಾಣ್ತಿಲ್ಲ ಬೇಟಾ ಅಂತ ಬರೋರು. ನಾನು ಒಂದು ಮಾಡ್ಕೊಟ್ಟೆ. ಆಮೇಲೆ ಇನ್ನೊಂದು. ಗಾಜು ಬದಲಾಯಿಸಿದ್ರೆ ಸರಿಹೋಗುತ್ತೆ ಅಂತ ನನಗೆ ಬಹಳ ಅಹಂಕಾರ. ಏಳನೇದು ಹಾಕ್ಕೊಂಡಾಗ ಅವ್ರಿಗೆ ಹಗಲು ರಾತ್ರಿ ಒಂದೇ ಆಗಿತ್ತು. ಆಮೇಲೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ. ಮೊದ್ಲು ಯಾಕೆ ಬರ್ಲಿಲ್ಲ ಅಂದ್ರು. ಮಗನ ಅಂಗಡಿ ಇತ್ತು, ಅದಕ್ಕೇ ಬರ್ಲಿಲ್ಲ."

ಆಮೇಲೆ ಚಹಾ ತರಿಸಿದರು. ಲೋಟವನ್ನು ಬೇಕೆಂದೇ ಎಡಗಡೆ ಇಟ್ಟರು. ನನಗೆ ಕಾಣಲಿಲ್ಲ. "ಕಣ್ಣು ಬರಲ್ಲ ಅಂದ್ರೆ ತಲೆ ಬರುತ್ತೆ ಅಮ್ಮ. ಎಲ್ಲಿ ಕೂತ್ರೂ ಮೊದ್ಲು ಎಡಕ್ಕೊಂದು ಸಲ ತಿರುಗಿ. ಆಮೇಲೆ ಮಿಕ್ಕಿದ ಮಾತು." ಅಂದಿನಿಂದ ಹೋದಾಗಲೆಲ್ಲ ಈ ಅಭ್ಯಾಸ ಮಾಡಿಸಿದರು. ಬಾಗಿಲು ದಾಟುವಾಗ, ಸಾಲಿನ ಮೊದಲಿನಿಂದ ಓದುವಾಗ, ರಸ್ತೆಯಲ್ಲಿ. ಕರಡಿನ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟುಕೊಂಡು ಅದು ಕಾಣುವವರೆಗೂ ತಲೆ ತಿರುಗಿಸಿ ಓದುವ ಉಪಾಯವೂ ಅವರದೇ. ಹೊಸಬರನ್ನು ಹುಡುಕುವ ಮಾತನ್ನು ಮಾಲೀಕರು ಮತ್ತೆ ಎತ್ತಲಿಲ್ಲ. ನಾನು ಮಾತ್ರ ಸಾಹೇಬರನ್ನು ಕರೆಯುವುದು ಹೇಗೆಂದು ತಿಳಿಯದೆ ಕೊನೆಯವರೆಗೂ ತಡವರಿಸಿದೆ. ಡಾಕ್ಟ್ರೇ ಎಂದರೆ ಬೈಯುತ್ತಿದ್ದರು, ಸಾಹೇಬ್ರೇ ಎಂದರೆ ನನಗೆ ಸಾಲದು.

ಹೋದ ವರ್ಷ ತೀರಿಕೊಂಡರು. ಅಂಗಡಿ ಮುಚ್ಚಿದ್ದನ್ನು ನೋಡಿ ಬುರ್ಖಾ ಅಂಗಡಿಯವರನ್ನು ಕೇಳಿದರೆ, ಎದೆ ನೋವು, ಎರಡೇ ದಿನ ಎಂದರು. ನಲವತ್ತನೆಯ ದಿನ ಕಳೆದ ಮೇಲೆ ಫ್ರೇಜರ್ ಟೌನಿನ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ನನ್ನನ್ನು ಹಿಂದೆ ಕಂಡವರಲ್ಲ. ಯಾರೆಂದು ಹೇಗೆ ಹೇಳುವುದೆಂದು ತಿಳಿಯದೆ, ಹಲಸೂರು ಪ್ರೆಸ್ಸಿನವಳು, ಇಪ್ಪತ್ತೈದು ವರ್ಷ ಅವರ ಹತ್ತಿರವೇ ಕನ್ನಡಕ ಮಾಡಿಸಿದವಳು ಎಂದೆ.

ಆಕೆ ನನ್ನ ಕನ್ನಡಕದ ಕಡೆ ನೋಡಿದರು.

"ಗೊತ್ತಾಯ್ತು. ಪ್ರೆಸ್ಸಿನ ಅಮ್ಮ. ಮನೇಲಿ ಬಹಳ ಹೇಳೋರು ನಿಮ್ ವಿಷ್ಯ. ಎಷ್ಟೋ ಸಾವಿರ ಜನಕ್ಕೆ ಚಶ್ಮಾ ಮಾಡ್ಕೊಟ್ಟೆ, ಅವರ್ಗೆ ಒಬ್ರಿಗೆ ಮಾಡ್ಕೊಡಲ್ಲ ಅಂದೆ, ಅಲ್ಲಾ ಅದನ್ನ ನನ್ನ ಪುಣ್ಯದ ಲೆಕ್ಕಕ್ಕೆ ಬರ್ಕೊಂಡಿರ್ತಾನೆ ಅನ್ನೋರು."

ಅಂದು ಅವರ ಮುಖಕ್ಕೆ ಹೊಡೆದ ಹಾಗೆ ಎದ್ದು ಬಂದವಳು ನಾನು. ಆಕೆ ಕುಳಿತುಕೊಳ್ಳಿ ಎಂದು ಒಳಗೆ ಹೋದರು. ಸೋಫಾದ ಮೇಲೆ ಕುಳಿತೆ. ಕುಳಿತ ಕೂಡಲೇ, ಹೇಳುವವರು ಯಾರೂ ಇಲ್ಲದಿದ್ದರೂ, ತಲೆಯನ್ನು ಒಮ್ಮೆ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದೆ. ಆ ಕಡೆಯ ಸಣ್ಣ ಮೇಜಿನ ಮೇಲೆ ಅವರ ಬಿಳಿ ಕೋಟನ್ನು ಒಗೆದು ಮಡಿಸಿ ಇಟ್ಟಿದ್ದರು. ತಿರುಗದೆ ಹೋಗಿದ್ದರೆ ನನಗೆ ಅದು ಕಾಣುತ್ತಲೇ ಇರಲಿಲ್ಲ.